ಕಡೆಯ ಕಾಳು ಬೇಯುವ ತನಕ

ನನಗೆ ಸಿಟ್ಟು ಜಾಸ್ತಿ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದೆ ಹೇಳುವ ಅನಾಹುತಕ್ಕೆಲ್ಲ ಅದೇ ಕಾರಣ. ನೇರಳಬೈಲಿನ ಕೆಲವರು ಈಗಲೂ ಅದನ್ನು ಪ್ರೇಮಾವತಿ ಟೀಚರ ದೂರದೃಷ್ಟಿ ಎಂದು ಹೊಗಳುವುದುಂಟು. ದೂರದೃಷ್ಟಿಯೂ ಇಲ್ಲ, ಮಣ್ಣೂ ಇಲ್ಲ. ಬರೀ ಸಿಟ್ಟು.

೧೯೬೦ರಲ್ಲಿ ನಾನು ನೇರಳಬೈಲಿನ ಶಾಲೆಯ ಏಕೈಕ ಟೀಚರಾಗಿದ್ದೆ. ಮಿಜಾರಿನಲ್ಲಿ ಬಸ್ಸಿಳಿದು ಗದ್ದೆಯ ಅಂಚಿನಲ್ಲಿ ಎರಡು ಮೈಲು ನಡೆದರೆ ಸಿಗುವ ಊರು ಅದು. ನನಗೆ ಇಪ್ಪತ್ತಮೂರು ವರ್ಷ, ಮೈಮೇಲೆ ಖಾದಿ, ತಲೆಯ ತುಂಬ ಸರ್ವೋದಯ. ಮೂಡಬಿದ್ರೆಯಲ್ಲಿ ನಡೆದ ಹತ್ತು ದಿನದ ಶಿಬಿರಕ್ಕೆ ಹೋಗಿ ಬಂದವಳು ನಾನು. ಎಲ್ಲರ ಏಳಿಗೆ ಆಗಬೇಕಾದರೆ ಮೊದಲು ಸಾಲಿನ ಕಡೆಯಲ್ಲಿ ನಿಂತವರ ಏಳಿಗೆ ಆಗಬೇಕು, ಅದೂ ಯಾರನ್ನೂ ಒತ್ತಾಯಿಸದೆ, ಮನಸ್ಸು ಒಲಿಸಿ ಆಗಬೇಕು ಎಂದು ಅಲ್ಲಿ ಕಲಿಸಿದ್ದರು. ಮೊದಲನೆಯ ಮಾತು ನನಗೆ ಕೂಡಲೇ ಹಿಡಿಸಿತು. ಎರಡನೆಯದು ಹಿಡಿಸಲಿಕ್ಕೆ ಹೊಳೆಗೆ ಒಂದು ಕಟ್ಟ ಕಟ್ಟಬೇಕಾಯಿತು.

ಬಂದವಳೇ ಊರಿನ ನಲವತ್ತೆರಡು ಮನೆಗಳಲ್ಲೂ ಒಂದೊಂದು ಮಡಕೆ ಇಡಿಸಿದೆ. ಬಂಟ್ವಾಳದ ಪೇಟೆಯಿಂದ ಗಾಡಿಯಲ್ಲಿ ತರಿಸಿದ ಮಡಕೆಗಳು. ಸರ್ವೋದಯ ಪಾತ್ರೆ ಎಂದು ಅದಕ್ಕೆ ಹೆಸರು. ದಿನವೂ ಒಲೆಯ ಮೇಲೆ ಎಸರಿಡುವ ಮೊದಲು ಮನೆಯ ಅತಿ ಚಿಕ್ಕ ಕೈಯಿಂದ ಒಂದು ಹಿಡಿ ಅಕ್ಕಿ ಅದಕ್ಕೆ ಬೀಳಬೇಕು. ಹಾಗೆ ತುಂಬಿದ ಅಕ್ಕಿ ಊರಿನ ಎಲ್ಲರಿಗೂ ಸೇರಿದ ಒಂದು ಕೆಲಸಕ್ಕೆ. ಜಮೀನ್ದಾರ ಜೈನರ ಬೀಡಿನಲ್ಲಿ, ಹಳೆಯ ಮನೆತನದ ಗುತ್ತಿನ ಮನೆಯಲ್ಲಿ, ಬ್ಯಾರಿಗಳ ನಫೀಸಮ್ಮನ ಮನೆಯಲ್ಲಿ, ಗುಡ್ಡದ ಮೇಲೆ ಊರು ಮುಟ್ಟಿಸಿಕೊಳ್ಳದ ಮುಂಡಾಲರ ಹನ್ನೊಂದು ಗುಡಿಸಲುಗಳಲ್ಲಿ, ಎಲ್ಲ ಕಡೆ ಒಂದೇ ಅಳತೆಯ ಮಡಕೆ. ಗುಡ್ಡದ ಸುಂದರಿಯ ಮನೆಯಲ್ಲಿ ಚಿಕ್ಕ ಕೈ ಇರಲಿಲ್ಲ. ಒಬ್ಬಳೇ ಇದ್ದವಳು. ಬೀಡಿನ ಅಂಗಳದ ಕೆಲಸದಿಂದ ಬಂದು ಕೈ ತೊಳೆದು ತಾನೇ ಹಾಕುತ್ತಿದ್ದಳು.

ಈ ಕತೆ ಸುಂದರಿಯ ಗದ್ದೆಯದ್ದು. ಭೂದಾನದ ಪಾದಯಾತ್ರೆ ನಮ್ಮ ಕಡೆಗೆ ಬಂದಾಗ ಬೀಡಿನ ಹಿರಿಯರಾದ ಜಯವರ್ಮರು ಎರಡು ಎಕರೆ ದಾನ ಕೊಟ್ಟಿದ್ದರು. ಅದು ಸುಂದರಿಯ ಪಾಲಿಗೆ ಬಂತು. ದಾನ ಕೊಟ್ಟದ್ದು ಎಂಥ ಭೂಮಿ ಎಂದು ಕೇಳಬೇಡಿ. ಬೈಲಿನ ಕಟ್ಟಕಡೆಯ ಗದ್ದೆ. ಮಳೆಗಾಲದಲ್ಲಿ ನೆರೆ ನಿಂತು ನೆಟ್ಟ ನೇಜಿ ಕೊಳೆಯುತ್ತದೆ, ಮಳೆ ಬಿಟ್ಟ ಮೇಲೆ ತೊಟ್ಟು ನೀರಿಲ್ಲ. ಮೂರು ವರ್ಷ ಅವಳು ಅದರ ಮುಳ್ಳು ಕಡಿದಳು, ಬದು ಕಟ್ಟಿದಳು, ಒಂದು ಸೇರು ಭತ್ತ ಕಾಣಲಿಲ್ಲ. ದಾನಪತ್ರದಲ್ಲಿ ಒಂದು ಸಾಲು ಇತ್ತು: ನಾಲ್ಕು ವರ್ಷದೊಳಗೆ ಬೆಳೆ ತೆಗೆಯದಿದ್ದರೆ ಭೂಮಿ ದಾನಿಯ ಮನೆಗೆ ಹಿಂದೆ ಹೋಗುತ್ತದೆ. ಆ ನಾಲ್ಕು ವರ್ಷ ಮುಂದಿನ ಏಪ್ರಿಲಿನ ಬಿಸು ಹಬ್ಬಕ್ಕೆ ಮುಗಿಯುವುದಿತ್ತು. ಜಯವರ್ಮರು ಅಷ್ಟರಲ್ಲಿ ತೀರಿಕೊಂಡಿದ್ದರು. ಅವರ ಮಗ ಜೀವಂಧರ ಅದೇ ಗದ್ದೆಯ ಜೇಡಿಮಣ್ಣನ್ನು ಹಂಚಿನ ಕಾರ್ಖಾನೆಗೆ ಕೊಡುತ್ತೇನೆಂದು ಮಾತು ಕೊಟ್ಟಾಗಿತ್ತು. ಮಣ್ಣು ತೆಗೆದ ಮೇಲೆ ಅಲ್ಲಿ ಗದ್ದೆ ಇರುವುದಿಲ್ಲ, ಹೊಂಡ ಇರುತ್ತದೆ.

ಸುಂದರಿಗೆ ಉಳಿದದ್ದು ಒಂದೇ ದಾರಿ, ಮಳೆ ಬಿಟ್ಟ ಮೇಲಿನ ಸುಗ್ಗಿ ಬೆಳೆ. ಅದಕ್ಕೆ ಹೊಳೆಗೆ ಹಾಕುವ ಕಟ್ಟದ ನೀರು ಬೇಕು. ದೀಪಾವಳಿ ಕಳೆದ ಮೇಲೆ ಊರಿನವರು ಹೊಳೆಗೆ ಅಡ್ಡಲಾಗಿ ಎರಡು ಸಾಲು ಗೂಟ ಹೊಡೆದು, ನಡುವೆ ಸೊಪ್ಪು ಮತ್ತು ಮಣ್ಣು ತುಂಬಿ ಕಟ್ಟ ಕಟ್ಟುತ್ತಾರೆ. ನೀರು ಏರಿ ಗದ್ದೆಗಳಿಗೆ ಹೋಗುವ ತೋಡಿಗೆ ಹರಿಯುತ್ತದೆ. ಆದರೆ ನಮ್ಮೂರಿನ ಕಟ್ಟ ಯಾವತ್ತೂ ಸೊಂಟಕ್ಕಿಂತ ಎತ್ತರ ಆದದ್ದಿಲ್ಲ. ಆ ನೀರು ಮೊದಲ ಹತ್ತಿಪ್ಪತ್ತು ಗದ್ದೆಗೆ ಸಾಕು. ಕಡೆಯ ಗದ್ದೆಗೆ ಮುಟ್ಟಬೇಕಾದರೆ ಎದೆಮಟ್ಟ ಬೇಕು.

ಯಾಕೆ ಎತ್ತರ ಆಗುವುದಿಲ್ಲ ಎಂದು ಕಟ್ಟದ ಗುರಿಕಾರ ರುಕ್ಮಯ್ಯನನ್ನು ಕೇಳಿದೆ. ಗುತ್ತಿನ ಪೈಕಿಯವನು, ಐವತ್ತು ದಾಟಿದ ಗಟ್ಟಿ ಆಳು, ಹೊಳೆಯ ಮಟ್ಟಿಗೆ ಅವನ ಮಾತೇ ಕಾನೂನು.

"ಹೊಳೆಯ ತಪ್ಪಲ್ಲ ಟೀಚರೇ, ಹೊಟ್ಟೆಯ ತಪ್ಪು" ಎಂದ. "ಮಧ್ಯಾಹ್ನ ಎಲ್ಲರೂ ಉಣ್ಲಿಕ್ಕೆ ಮನೆಗೆ ಹೋಗ್ತೇವೆ. ಒಬ್ಬರ ಮನೆ ಗುಡ್ಡದಲ್ಲಿ, ಒಬ್ಬರದ್ದು ಹೊಳೆಯ ಆಚೆ. ತಿರುಗಿ ಬರುವಾಗ ಮೂರು ಗಂಟೆ. ಅಷ್ಟೊತ್ತಿಗೆ ಹಸಿಮಣ್ಣನ್ನು ನೀರು ತಿಂದು ಆಗಿರ್ತದೆ. ಸೊಂಟದ ಮಟ್ಟದ್ದು ಆದರೆ ನಿಲ್ತದೆ. ಎದೆಮಟ್ಟ ಬೇಕಾದರೆ ಕಟ್ಟದ ನಡುವಿನ ಬಾಯಿ ಮುಚ್ಚುವ ತನಕ ಯಾರೂ ಕೈ ತೆಗೀಬಾರದು."

"ಅಲ್ಲಿಯೇ ಒಟ್ಟಿಗೆ ಉಣ್ಣಬಹುದಲ್ಲ?"

ರುಕ್ಮಯ್ಯ ನನ್ನನ್ನು ಕನಿಕರದಿಂದ ನೋಡಿದ. ಯಾರ ಒಲೆಯದ್ದು ಯಾರು ಉಣ್ಣುವುದು ಎಂಬುದು ಊರಿನಲ್ಲಿ ಎಲ್ಲರಿಗೂ ಬಾಯಿಪಾಠ, ನನಗೂ ಸಹ. ಆದರೆ ತಲತಲಾಂತರದಿಂದ ಅರ್ಧ ಬೈಲು ಒಣಗಿದ್ದು ಇದಕ್ಕೋಸ್ಕರ ಎಂದು ಗೊತ್ತಾದಾಗ ನನ್ನ ನೆತ್ತಿ ಬಿಸಿಯಾಯಿತು.

ಮೂರು ಸಭೆ ಮಾಡಿದೆ. ಸರ್ವೋದಯದಲ್ಲಿ ಕೈ ಎತ್ತಿಸಿ ಎಣಿಸುವ ಪದ್ಧತಿ ಇಲ್ಲ, ಎಲ್ಲರೂ ಒಪ್ಪಿದರೆ ಮಾತ್ರ ತೀರ್ಮಾನ. ಮೂರನೆಯ ಸಭೆಯಲ್ಲಿ ಎಲ್ಲರೂ ಒಪ್ಪಿದ್ದು ಇಷ್ಟು: ಮಡಕೆಗಳ ಅಕ್ಕಿಯಿಂದ ಹೊಳೆಬದಿಯಲ್ಲೇ ಗಂಜಿ, ಆದರೆ ಮೂರು ಒಲೆ, ಮೂರು ಅಡುಗೆಯವರು, ಮೂರು ಪಂಕ್ತಿ. ಗುಡ್ಡದವರ ಅಕ್ಕಿ ಗುಡ್ಡದವರಿಗೆ. ನನಗೆ ಇದು ಕಹಿಯಾಗಿಯೇ ಇತ್ತು. ಆದರೂ ಮಧ್ಯಾಹ್ನ ಯಾರೂ ಮನೆಗೆ ಹೋಗುವುದಿಲ್ಲವಲ್ಲ, ಸುಂದರಿಯ ಗದ್ದೆಗೆ ನೀರು ಬರುತ್ತದಲ್ಲ ಎಂದು ನುಂಗಿಕೊಂಡೆ.

ಕಟ್ಟದ ಹಿಂದಿನ ದಿನ ಸಂಜೆ ಮಡಕೆಗಳು ಶಾಲೆಯ ಜಗಲಿಗೆ ಬಂದವು. ಹೆಂಗಸರು ಒಂದೊಂದಾಗಿ ತಂದಿಟ್ಟರು. ತಾವಾಗಿಯೇ ಮೂರು ಸಾಲು ಆಯಿತು. ಕೊನೆಗೆ ಸುಂದರಿ ಬಂದಳು. ಅವಳು ಇಟ್ಟ ಮಡಕೆ ಗುತ್ತಿನ ಮನೆಯ ಸಾಲಿಗೆ ಅರ್ಧ ಗೇಣು ಹತ್ತಿರವಾಯಿತು. ರುಕ್ಮಯ್ಯ ಅಲ್ಲಿ ನಿಂತಿದ್ದ. ಯಾರ ಮುಖವನ್ನೂ ನೋಡದೆ, ಪಾದದ ತುದಿಯಿಂದ ಆ ಮಡಕೆಯನ್ನು ಆಚೆ ಸರಿಸಿದ.

ಅಷ್ಟೇ. ಸಿಟ್ಟಿನಲ್ಲಿ ನನಗೆ ಕಣ್ಣು ಕಾಣದಾಯಿತು. ಭತ್ತ ಒಣಗಿಸುವ ದೊಡ್ಡ ಚಾಪೆ ಜಗಲಿಯಲ್ಲೇ ಹಾಸಿತ್ತು. ಬೀಡಿನ ಮಡಕೆ ಎತ್ತಿದೆ, ಸುರಿದೆ. ಗುತ್ತಿನದ್ದು ಸುರಿದೆ. ನಫೀಸಮ್ಮನದ್ದು, ಸುಂದರಿಯದ್ದು, ಸಿಕ್ಕಿದ್ದೆಲ್ಲ ಸುರಿದೆ. ನಲವತ್ತೆರಡು ಮಡಕೆ ಖಾಲಿಯಾಗುವ ತನಕ ನಿಲ್ಲಲಿಲ್ಲ, ಎರಡು ಒಡೆದೂ ಹೋದವು. ಕಡೆಗೆ ಎರಡೂ ಕೈ ಹಾಕಿ ಕಲಸಿದೆ. "ಈಗ ಹೇಳಿ, ಯಾರ ಅಕ್ಕಿ ಯಾವುದು?" ಎಂದು ಕಿರುಚಿದೆ.

ನಾನು ಗೆದ್ದೆ ಎಂದುಕೊಂಡೆ. ಆಗ ನಫೀಸಮ್ಮ ಚಾಪೆಯ ಹತ್ತಿರ ಬಗ್ಗಿ ಒಂದು ಹಿಡಿ ತೆಗೆದು ಅಂಗೈಯಲ್ಲಿ ಹರಡಿ ನೋಡಿದಳು. "ಅಲ್ಲ ಟೀಚರೇ, ಬೆಳ್ತಿಗೆಯನ್ನೂ ಕುಚ್ಚಲನ್ನೂ ಒಟ್ಟು ಮಾಡಿದ್ರಲ್ಲ. ಇದನ್ನು ಬೇಯಿಸುವುದು ಹೇಗೆ?"

ಅಯ್ಯೋ ದೇವರೇ. ನಮ್ಮ ಕಡೆಯ ಯಾವ ಹೆಣ್ಣುಮಗಳಿಗಾದರೂ ಗೊತ್ತಿರುವ ಸಂಗತಿ. ಬೀಡಿನವರೂ ಗುತ್ತಿನವರೂ ಮಡಕೆಗೆ ಹಾಕಿದ್ದು ಬೆಳ್ತಿಗೆ, ಬಿಳಿಯ ಅಕ್ಕಿ, ಅರ್ಧ ಗಂಟೆಯೊಳಗೆ ಬೇಯುತ್ತದೆ. ಉಳಿದವರು ಹಾಕಿದ್ದು ಹೆಚ್ಚಾಗಿ ಕುಚ್ಚಲು, ಬೇಯಿಸಿ ಒಣಗಿಸಿ ಕುಟ್ಟಿದ ಕೆಂಪು ಅಕ್ಕಿ, ಒಂದೂವರೆ ಗಂಟೆ ಕುದಿಯಬೇಕು. ಒಂದೇ ಹಂಡೆಗೆ ಹಾಕಿದರೆ ಒಂದು ಕರಗಿ ಅಂಟಾಗುವಾಗ ಇನ್ನೊಂದು ಕಲ್ಲಾಗಿಯೇ ಇರುತ್ತದೆ. ಸಮಾನತೆಯ ಭರದಲ್ಲಿ ನನಗೆ ಅಕ್ಕಿಯ ನೆನಪೇ ಇರಲಿಲ್ಲ.

ಮೊದಲು ಯಾರೋ ಕಿಸಕ್ಕೆಂದರು. ಆಮೇಲೆ ರುಕ್ಮಯ್ಯ ತಲೆಯ ಮುಂಡಾಸು ಬಿಚ್ಚಿ ಕೊಡವಿ ಹೇಳಿದ: "ನಾಳೆ ಕಟ್ಟಕ್ಕೆ ಬರ್ತೇವೆ, ಟೀಚರೇ. ಉಣ್ಲಿಕ್ಕೆ ನಮ್ಮ ನಮ್ಮ ಮನೆಗೆ ಹೋಗ್ತೇವೆ. ಯಾವತ್ತಿನ ಹಾಗೆ." ಅಷ್ಟು ಹೇಳಿ ಜಗಲಿ ಇಳಿದ. ಉಳಿದವರೂ ಇಳಿದರು. ಮೂರು ಸಭೆಯಲ್ಲಿ ಕಟ್ಟಿದ್ದನ್ನು ನಾನು ಒಂದು ಗಳಿಗೆಯಲ್ಲಿ ಒಡೆದು ಹಾಕಿದ್ದೆ. ಯಾವತ್ತಿನ ಹಾಗೆ ಎಂದರೆ ಸೊಂಟದ ಮಟ್ಟದ ಕಟ್ಟ. ಎಂದರೆ ಸುಂದರಿಯ ಗದ್ದೆ ಹೋಯಿತು.

ನಾನು ಚಾಪೆಯ ಮುಂದೆ ಕೂತು, ಬಿಳಿ ಒಂದು ಕಡೆ ಕೆಂಪು ಒಂದು ಕಡೆ ಎಂದು ಕಾಳು ಹೆಕ್ಕಲಿಕ್ಕೆ ಶುರು ಮಾಡಿದೆ. ಎಂಥ ಹುಚ್ಚು ನೋಡಿ. ಕಣ್ಣೀರು ಬೇರೆ.

"ಬಿಡಿ ಅದನ್ನು" ಎಂದಳು ಸುಂದರಿ. ಅವಳು ಹೋಗಿರಲಿಲ್ಲ. ಅಂಗಳದಲ್ಲೇ ನಿಂತಿದ್ದಳು. "ಒಂದು ಮಾತು ಕೇಳ್ತೇನೆ ಟೀಚರೇ. ನನ್ನ ಮಡಕೆ ಸುರೀಲಿಕ್ಕೆ ನಿಮಗೆ ಯಾರು ಹೇಳಿದ್ದು?"

"ಅವನು ಕಾಲಲ್ಲಿ ಸರಿಸಿದ್ದು ನೋಡಲಿಲ್ಲವಾ ನೀನು?"

"ಅವರು ಕೇಳದೆ ಸರಿಸಿದರು. ನೀವು ಕೇಳದೆ ಸುರಿದಿರಿ. ಎರಡು ತಿಂಗಳು ದಿನಾ ಒಂದು ಹಿಡಿ ಹಾಕಿದ್ದು ನಾನು. ಅದನ್ನು ಸುರಿಯುವುದಾದರೆ ನಾನೇ ಸುರಿಯಬೇಕು."

ಶಿಬಿರದ ಹತ್ತು ದಿನದಲ್ಲಿ ತಲೆಗೆ ಹೋಗದ ಎರಡನೆಯ ಮಾತು ಆಗ ಹೋಯಿತು. ಒಳ್ಳೆಯದಕ್ಕೇ ಆದರೂ ಬಲವಂತ ಬಲವಂತವೇ. ನನ್ನ ಖಾದಿ ಸೀರೆಯ ಬಗ್ಗೆ ನನಗೆ ಇದ್ದ ಹೆಮ್ಮೆಯಷ್ಟೂ ಆ ಜಗಲಿಯಲ್ಲೇ ಇಳಿಯಿತು. "ತಪ್ಪಾಯಿತು" ಎಂದೆ.

"ತಪ್ಪಾದದ್ದು ಆಯಿತು. ಅಕ್ಕಿಯನ್ನು ಎಂತ ಮಾಡುವ?" ಅವಳು ಜಗಲಿಯ ಅಂಚಿನಲ್ಲಿ ಕೂತು ಅಕ್ಕಿಯಲ್ಲಿ ಕೈಯಾಡಿಸಿದಳು. "ನಮಗೆ ಯಾವಾಗ ಬೇರೆ ಬೇರೆ ಅಕ್ಕಿ ಬಂದದ್ದು ಹೇಳಿ? ಒಬ್ಬರ ಅಂಗಳ ಗುಡಿಸಿದರೆ ಅಲ್ಲಿನ ನುಚ್ಚು, ಇನ್ನೊಬ್ಬರ ಕಣದಲ್ಲಿ ಉದುರಿದ್ದು. ಅಜ್ಜಿಯ ಕಾಲದಿಂದ ನಾವು ಬೇಯಿಸುವುದು ಬೆರಕೆಯೇ. ಬೆಳ್ತಿಗೆ ಬೆಂದ ಕೂಡಲೇ ಇಳಿಸಿದರೆ ಹಾಳು. ಬೆಂಕಿ ಸಣ್ಣ ಮಾಡಿ ಕಡೆಯ ಕಾಳು ಬೇಯುವ ತನಕ ಕಾಯಬೇಕು. ಬೆಳ್ತಿಗೆ ಕರಗಿ ದಪ್ಪ ತೆಳಿ ಆಗ್ತದೆ, ಕುಚ್ಚಲು ಅದರೊಳಗೆ ಅರಳ್ತದೆ. ಅಂಥ ಗಂಜಿ ಗುತ್ತಿನವರು ಉಂಡೇ ಇರಲಿಕ್ಕಿಲ್ಲ."

"ಆದರೆ ಯಾರೂ ಉಣ್ಣುವುದಿಲ್ಲವಲ್ಲ ಸುಂದರಿ."

"ಬೇಯಿಸುವ. ಉಣ್ಣುವುದು ಬಿಡುವುದು ಅವರ ಇಷ್ಟ."

ಬೆಳಿಗ್ಗೆ ನೂರಕ್ಕೂ ಹೆಚ್ಚು ಜನ ಹೊಳೆಗೆ ಬಂದರು. ಕೆಲಸ ಶುರುವಾಗುವ ಮೊದಲು ನಾನು ದಡದ ಕಲ್ಲಿನ ಮೇಲೆ ನಿಂತು ಹೇಳಿದೆ: "ನಿನ್ನೆ ನಾನು ಮಾಡಿದ್ದು ತಪ್ಪು. ನೀವು ಕೊಟ್ಟ ಅಕ್ಕಿಯನ್ನು ನಿಮ್ಮನ್ನು ಕೇಳದೆ ಬೆರೆಸಿದೆ. ಸುಂದರಿ ಅದನ್ನೇ ಇಲ್ಲಿ ಬೇಯಿಸುತ್ತಾಳೆ. ಉಣ್ಣಿ ಎಂದು ನಾನು ಹೇಳುವುದಿಲ್ಲ. ಕಟ್ಟ ಎದೆಮಟ್ಟ ಆಗಲಿ ಎಂದು ಮಾತ್ರ ಕೇಳುತ್ತೇನೆ." ಟೀಚರು ತಪ್ಪೊಪ್ಪಿಕೊಳ್ಳುವುದನ್ನು ಅವರು ಯಾವತ್ತೂ ಕಂಡಿರಲಿಲ್ಲ. ನಾನೂ ಕಂಡಿರಲಿಲ್ಲ. ಒಬ್ಬೊಬ್ಬರಾಗಿ ನೀರಿಗಿಳಿದರು.

ನಫೀಸಮ್ಮ ತನ್ನ ಮನೆಯ ಮದುವೆಯ ತಾಮ್ರದ ಹಂಡೆ ಕೊಟ್ಟಳು. ಸುಂದರಿ ಕಟ್ಟದಿಂದ ಮೇಲೆ ಹೊಳೆಯ ದಡದಲ್ಲಿ ಮೂರು ಕಲ್ಲು ಹೂಡಿ ಬೆಂಕಿ ಮಾಡಿದಳು. ನಾನು ಸೌದೆ ತಂದೆ. ಅವಳು ಹೊಳೆಯ ನೀರನ್ನು ಒಂದು ಬಿಳಿ ಬಟ್ಟೆಯಲ್ಲಿ ಸೋಸಿ ಸೋಸಿ ಹಂಡೆಗೆ ಹಾಕುತ್ತಿದ್ದಳು. ಒಂದೊಂದು ಸಲವೂ ಬಟ್ಟೆಯನ್ನು ಮಗುಚಿ ಹೊಳೆಯಲ್ಲೇ ಮೆಲ್ಲಗೆ ಜಾಲಿಸುತ್ತಿದ್ದಳು. ಕಸ ಇರಬೇಕು ಎಂದುಕೊಂಡು ನಾನು ಕೇಳಲಿಲ್ಲ.

ಸೂರ್ಯ ನೆತ್ತಿಗೆ ಬರುವಾಗ ಕಟ್ಟ ಸೊಂಟ ದಾಟಿತ್ತು. ನಡುವಿನ ಬಾಯಿಯೊಂದು ಉಳಿದಿತ್ತು, ಒಂದು ಆಳಿನ ಅಗಲ. ಹೊಳೆಯಿಡೀ ಅಲ್ಲಿ ನುಗ್ಗುತ್ತಿತ್ತು. ರುಕ್ಮಯ್ಯ ಆ ಬಾಯಿಯಲ್ಲಿ ಇಳಿದು, ಅಡ್ಡಕ್ಕಿಟ್ಟ ಹಲಗೆಗೆ ಬೆನ್ನು ಕೊಟ್ಟು, ಎರಡೂ ಕೈಯಲ್ಲಿ ಗೂಟ ಹಿಡಿದು ನಿಂತಿದ್ದ. ದಡದವರು ಒಬ್ಬರ ಮುಖ ಒಬ್ಬರು ನೋಡಿದರು. ಊಟದ ಹೊತ್ತು. ಒಂದಿಬ್ಬರು ಕೈ ತೊಳೆಯಲಿಕ್ಕೆ ಬಗ್ಗಿದರು. ಎದುರು ದಡದಲ್ಲಿ ಜೀವಂಧರ ಕೊಡೆ ಹಿಡಿದು ನಿಂತಿದ್ದ. ಈಗ ಜನ ಹೋಗುತ್ತಾರೆ ಎಂದು ಅವನಿಗೂ ಗೊತ್ತಿತ್ತು.

ಅಷ್ಟರಲ್ಲಿ ಅವನ ತಾಯಿ ಅನಂತಮತಿಯಮ್ಮ ದಡದ ದಾರಿಯಲ್ಲಿ ಕೋಲೂರಿಕೊಂಡು ಬಂದರು. ಎಪ್ಪತ್ತು ದಾಟಿದ ಜೀವ. ಸೂರ್ಯ ಮುಳುಗಿದ ಮೇಲೆ ಒಂದು ಗುಟುಕು ನೀರನ್ನೂ ಮುಟ್ಟದವರು. ಸೋಸದ ನೀರು ಕುಡಿದವರಲ್ಲ. ನೀರಿನಲ್ಲಿರುವ ಕಣ್ಣಿಗೆ ಕಾಣದ ಜೀವಿಗಳಿಗೆ ನೋವಾಗಬಾರದೆಂದು, ಸೋಸಿ ಬಟ್ಟೆಯಲ್ಲಿ ಉಳಿದದ್ದನ್ನು ಯಾವ ಬಾವಿಯದ್ದೋ ಅದೇ ಬಾವಿಗೆ ತಿರುಗಿ ಬಿಡಿಸುವವರು. ಅವರು ನೇರ ಹಂಡೆಯ ಹತ್ತಿರ ಬಂದರು. ಸುಂದರಿ ನಾಲ್ಕು ಹೆಜ್ಜೆ ಹಿಂದೆ ಸರಿದಳು.

"ನೀರು ಎಲ್ಲಿಂದ ತೆಗೆದದ್ದು?" ಎಂದು ಅನಂತಮತಿಯಮ್ಮ ಕೇಳಿದರು.

"ಹೊಳೆಯದ್ದು, ಅಮ್ಮ."

"ಸೋಸಿದ್ದೀಯಾ?"

"ಎರಡು ಮಡಿಕೆ ಬಟ್ಟೆಯಲ್ಲಿ."

"ಬಟ್ಟೆಯಲ್ಲಿ ಉಳಿದದ್ದನ್ನು?"

"ತಿರುಗಿ ಹೊಳೆಗೇ ಬಿಟ್ಟೆ. ಮೂವತ್ತು ವರ್ಷದಿಂದ ನಿಮ್ಮ ಬಾವಿಕಟ್ಟೆಯ ಆಚೆ ನಿಂತು ನೋಡಿದ್ದೇನೆ, ಅಮ್ಮ. ಚಟ್ನಿಗೆ ಬೆಳ್ಳುಳ್ಳಿಯೂ ಹಾಕಲಿಲ್ಲ."

ಬಾವಿಕಟ್ಟೆಯ ಆಚೆ ಎಂಬ ಮಾತು ಅನಂತಮತಿಯಮ್ಮನವರಿಗೆ ತಾಗಿತು. ಮೂವತ್ತು ವರ್ಷ ಅವರು ಕಾಣದ ಜೀವಿಗಳನ್ನು ಜೋಪಾನವಾಗಿ ಮನೆಗೆ ಮುಟ್ಟಿಸಿದ್ದರು, ಕಾಣುವ ಒಬ್ಬಳು ಹೊರಗೆ ನಿಂತೇ ಇದ್ದಳು. ಅವರು ಕೋಲನ್ನು ಬದಿಗಿಟ್ಟು ನೆಲದಲ್ಲಿ ಕೂತರು. ಒಂದು ಅಡಿಕೆ ಹಾಳೆಯನ್ನು ತೆಗೆದುಕೊಂಡು ಎರಡೂ ಕೈಯಲ್ಲಿ ಚಾಚಿದರು.

"ಹಾಗಾದರೆ ನನಗೆ ಬೇರೆ ಎಂತದೂ ಕೇಳಲಿಕ್ಕಿಲ್ಲ. ಬಡಿಸು ಮಗಾ" ಎಂದರು.

ಸುಂದರಿ ಮುಂದೆ ಬಂದು ಹಾಳೆಯ ಮೇಲೆ ಸೌಟು ಬಗ್ಗಿಸಿದಳು. ಗಂಜಿ ಬಿದ್ದಿತು. ಅಮ್ಮ ಉಂಡರು. ನೂರು ಜನ ಕೆಲಸ ಬಿಟ್ಟು ಅವರು ನುಂಗುವುದನ್ನೇ ನೋಡಿದರು. ಎದುರು ದಡದ ಕೊಡೆ ಮೆಲ್ಲಗೆ ಕೆಳಗಿಳಿಯಿತು. ಅಮ್ಮ ತಲೆಯೆತ್ತಿ, "ಎಂತ ನೋಡುವುದು ನೀವೆಲ್ಲ? ಅರ್ಧ ಜನ ಉಣ್ಣಿ, ಅರ್ಧ ಜನ ಮಣ್ಣು ಹಾಕಿ, ಮತ್ತೆ ಬದಲಾಯಿಸಿ. ಕಟ್ಟ ಹೋಗ್ತದೆ ಮಾರಾಯ್ರೇ!" ಎಂದು ಗದರಿದರು.

ಆಮೇಲೆ ಯಾರು ಯಾರ ಹಿಂದೆ ನಿಂತರು ಎಂದು ನೋಡುವ ಪುರುಸೊತ್ತು ಯಾರಿಗೂ ಇರಲಿಲ್ಲ. ಉಂಡವರು ಎದ್ದು ಸಾಲಿಗೆ ಬಂದರು, ಸಾಲಿನವರು ಉಣ್ಣಲಿಕ್ಕೆ ಹೋದರು. ಮಣ್ಣಿನ ಬುಟ್ಟಿ ಗುಡ್ಡದವರ ಕೈಯಿಂದ ಗುತ್ತಿನವರ ಕೈಗೆ, ಅಲ್ಲಿಂದ ನಫೀಸಮ್ಮನ ಗಂಡನ ಕೈಗೆ ಹೋಯಿತು. ಮೊದಲಾದರೆ ನಡುವೆ ನೆಲದಲ್ಲಿಟ್ಟು ಎತ್ತಿಕೊಳ್ಳುತ್ತಿದ್ದರು. ಇವತ್ತು ಇಡಲಿಕ್ಕೆ ಸಮಯವಿಲ್ಲ.

ಕಡೆಗೆ ಉಣ್ಣದೆ ಉಳಿದವನು ಒಬ್ಬನೇ. ರುಕ್ಮಯ್ಯ ಬಾಯಿಯಲ್ಲಿ ನಿಂತವನು ನಿಂತೇ ಇದ್ದ. ನೀರು ಅವನ ಎದೆಗೆ ಬಂದಿತ್ತು, ತುಟಿ ಕಪ್ಪಾಗಿತ್ತು. ಕೈ ಬಿಟ್ಟರೆ ಹಲಗೆ ಹೋಗುತ್ತದೆ, ಹಲಗೆ ಹೋದರೆ ಕಟ್ಟ. ಸುಂದರಿ ತೆಂಗಿನ ಚಿಪ್ಪಿನಲ್ಲಿ ಗಂಜಿ ತೆಗೆದುಕೊಂಡು ಕಟ್ಟದ ಮೇಲೆ ನಡೆದು ಬಂದಳು. ಅವನ ತಲೆಯ ಹತ್ತಿರ ಕುಕ್ಕರುಗಾಲಲ್ಲಿ ಕೂತಳು.

"ಕೊಡಲೋ, ಬೇಡವೋ?" ಎಂದು ಕೇಳಿದಳು. ಕೇಳಿದಳು, ನೆನಪಿಡಿ. ನಾನಾಗಿದ್ದರೆ ಬಾಯಿಗೆ ಸುರಿಯುತ್ತಿದ್ದೆ.

ರುಕ್ಮಯ್ಯ ಅವಳನ್ನು ನೋಡಿದ. ನಿನ್ನೆ ಅವಳ ಮಡಕೆಯನ್ನು ಸರಿಸಿದ ಕಾಲು ಈಗ ನೀರಿನ ತಳದಲ್ಲಿ ಕಟ್ಟವನ್ನು ಹಿಡಿದಿತ್ತು. ಹೊಳೆಯ ಸದ್ದಿನ ನಡುವೆ ಅವನು ಬಾಯಿ ತೆರೆದ. ಅವಳು ಚಿಪ್ಪು ಬಗ್ಗಿಸಿದಳು. ಅವನು ನುಂಗಿದ, ಇನ್ನೊಮ್ಮೆ ನುಂಗಿದ.

"ಉಪ್ಪು ಸ್ವಲ್ಪ ಕಮ್ಮಿ ಉಂಟು ಮಾರಾಯ್ತಿ" ಎಂದ.

ದಡದಲ್ಲಿ ಎದ್ದ ನಗೆ ಮಿಜಾರಿಗೆ ಕೇಳಿಸಿರಬೇಕು. ಸುಂದರಿಯೂ ನಕ್ಕಳು. ಅವಳು ಹಾಗೆ ಬಾಯಿಬಿಟ್ಟು ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು. "ಇನ್ನೊಂದು ಚಿಪ್ಪು ತಾ, ಹಾಗೆಯೇ ಆದೀತು" ಎಂದ ರುಕ್ಮಯ್ಯ.

ನಾಲ್ಕು ಗಂಟೆಗೆ ಬಾಯಿ ಮುಚ್ಚಿತು. ರುಕ್ಮಯ್ಯನನ್ನು ನಾಲ್ಕು ಜನ ರಟ್ಟೆ ಹಿಡಿದು ಮೇಲಕ್ಕೆಳೆದರು. ಕಟ್ಟ ಎದೆಮಟ್ಟ ನಿಂತಿತು. ನೀರು ಏರಿತು, ತೋಡಿನ ತಲೆಗೆ ಮುಟ್ಟಿತು, ಒಳಗೆ ಜಾರಿತು. ಸುಂದರಿ ಓಡಿದಳು. ತೋಡಿನ ಬದಿಯಲ್ಲಿ ನೀರಿನ ಮೊನೆಯ ಜತೆಗೇ ಓಡಿದಳು, ಅವಳ ಹಿಂದೆ ಖಾದಿ ಸೀರೆ ಮೊಣಕಾಲಿಗೆ ಎತ್ತಿಕೊಂಡು ನಾನು, ನನ್ನ ಹಿಂದೆ ಅರ್ಧ ಊರು. ಪ್ರತಿ ವರ್ಷ ನೀರು ನಿಂತು ಹೋಗುತ್ತಿದ್ದ ತಿರುವನ್ನು ಅದು ದಾಟಿತು. ಒಣಗಿದ ಎಲೆ, ಏಡಿಯ ಬಿಲ ಎಲ್ಲವನ್ನೂ ತುಂಬಿಕೊಂಡು ಕಡೆಯ ಗದ್ದೆಯ ಬದುವಿನ ಕಂಡಿಗೆ ಬಂತು. ಸುಂದರಿ ಹಾರೆಯಿಂದ ಕಂಡಿ ಒಡೆದಳು. ಬಿರುಕು ಬಿಟ್ಟ ಜೇಡಿಮಣ್ಣಿನ ಮೇಲೆ ನೀರು ಹರಡುವಾಗ ಇನ್ನೂ ಬಿಸಿಲಿತ್ತು. ನಾನು ಅತ್ತೆ. ಅದರಲ್ಲಿ ನಾಚಿಕೆ ಪಡುವಂಥದ್ದೇನೂ ಇಲ್ಲ.

ಮೂರು ತಿಂಗಳಲ್ಲಿ ಆ ಎರಡು ಎಕರೆಯಲ್ಲಿ ಸುಗ್ಗಿ ಬೆಳೆ ಬಂತು. ಶ್ಯಾನುಭೋಗರು ಬಂದು ಕಣ್ಣಾರೆ ನೋಡಿ ಬರೆದುಕೊಂಡು ಹೋದರು. ಬಿಸುವಿನ ದಿನ ಅನಂತಮತಿಯಮ್ಮ ಮಗನ ಕೈಯಲ್ಲೇ ದಾನಪತ್ರ ಕೊಟ್ಟು ಕಳಿಸಿದರು. ಷರತ್ತಿನ ಸಾಲಿನ ಕೆಳಗೆ "ಪೂರೈಸಿದೆ" ಎಂದು ಜೀವಂಧರ ತಾನೇ ಬರೆದು ರುಜು ಹಾಕಿದ್ದ. ಸುಂದರಿಯ ಅಂಗಳದ ತನಕ ಹೋಗಿ ಕೊಟ್ಟ. ಹಂಚಿನ ಕಾರ್ಖಾನೆಯ ಲಾರಿ ನಮ್ಮ ಬೈಲಿಗೆ ಬರಲೇ ಇಲ್ಲ.

ಮುಂದಿನ ದೀಪಾವಳಿ ಕಳೆದು ಮತ್ತೆ ಮಡಕೆಗಳು ಶಾಲೆಯ ಜಗಲಿಗೆ ಬಂದವು. ನಾನು ಚಾಪೆ ಹಾಸಿ, ಎರಡೂ ಕೈಯನ್ನು ಬೆನ್ನಿನ ಹಿಂದೆ ಕಟ್ಟಿಕೊಂಡು, ಗೋಡೆಗೆ ಒರಗಿ ನಿಂತೆ. ಬಾಯಿಯನ್ನೂ ಮುಚ್ಚಿಕೊಂಡೆ. ಅದು ನನಗೆ ಎಷ್ಟು ಕಷ್ಟ ಎಂದು ಗೊತ್ತಿದ್ದವರಿಗೆ ಗೊತ್ತು. ಹೆಂಗಸರು ಮಡಕೆಗಳನ್ನು ಇಟ್ಟು ಬದಿಗೆ ನಿಂತರು. ಸುರಿಯಲಿಕ್ಕೆ ಯಾರೂ ಮುಂದಾಗಲಿಲ್ಲ.

ಸುಂದರಿ ಬಂದಳು. ಈ ಸಲ ಅವಳ ಮಡಕೆಯಲ್ಲಿ ಇದ್ದದ್ದು ಅಂಗಳ ಗುಡಿಸಿದ ನುಚ್ಚಲ್ಲ, ತನ್ನ ಗದ್ದೆಯ ಕೆಂಪು ಕುಚ್ಚಲು, ಕಂಠಮಟ್ಟ. ಅವಳು ನನ್ನ ಕಡೆ ನೋಡಿದಳು, ನಾನು ಅಲ್ಲಾಡಲಿಲ್ಲ. ಜಗಲಿ ಹತ್ತಿದಳು. ಚಾಪೆಯ ನಡುವೆ ಬಗ್ಗಿ, ಒಂದು ಕಾಳೂ ಆಚೆ ಹೋಗದ ಹಾಗೆ, ತಾನೇ ಸುರಿದಳು.

ರುಕ್ಮಯ್ಯ ತನ್ನ ಮನೆಯ ಮಡಕೆ ಎತ್ತಿಕೊಂಡು ಅವಳ ಪಕ್ಕಕ್ಕೆ ಬಂದ. "ನನ್ನದು ಬೆಳ್ತಿಗೆ" ಎಂದ, "ಮೇಲೆ ಹಾಕಲಾ?"

"ಹಾಕಿ" ಎಂದಳು ಸುಂದರಿ.